ಹೃದಯಕ್ಕೆ ಯಾವ ಊಟ? ತುಪ್ಪ, ತೆಂಗು, ಎಣ್ಣೆ, ಉಪ್ಪು: ಬೆಂಗಳೂರಿನ ಅಡುಗೆಮನೆಯ ಲೆಕ್ಕ

ಪಥ್ಯ_ಲೆಕ್ಕ (ಜಯನಗರ):

ವಾಟ್ಸಾಪ್ ಗ್ರೂಪಿನಲ್ಲಿ ಬೆಳಗ್ಗೆ ತುಪ್ಪ ಅಮೃತ, ಸಂಜೆ ಹೊತ್ತಿಗೆ ಅದೇ ತುಪ್ಪ ವಿಷ. ಹೀಗೆ ಒಂದೊಂದೇ ಪದಾರ್ಥ ಹಿಡಿದು ಜಗ್ಗಾಡಿದರೆ ಯಾರಿಗೂ ಉಪಯೋಗವಿಲ್ಲ. ದಿನವಿಡೀ ಹೊಟ್ಟೆಗೆ ಹೋಗುವುದನ್ನೆಲ್ಲ ಕೂಡಿಸಿ ನೋಡಬೇಕು. ಅದಕ್ಕಿಂತ ಮುಖ್ಯ, ಒಂದನ್ನು ಬಿಟ್ಟಾಗ ತಟ್ಟೆಯಲ್ಲಿ ಆ ಜಾಗಕ್ಕೆ ಏನು ಬಂತು ಅಂತ ನೋಡಬೇಕು. ಈ ಚರ್ಚೆ ಶುರು ಮಾಡಿದ್ದು ಅದಕ್ಕೇ.

ಮೊದಲು ತುಪ್ಪ, ಬೆಣ್ಣೆ, ತೆಂಗಿನಲ್ಲಿ ಹೆಚ್ಚಿರುವ ಸ್ಯಾಚುರೇಟೆಡ್ ಕೊಬ್ಬಿನ ಲೆಕ್ಕ. ಕೆಟ್ಟ ಕೊಲೆಸ್ಟ್ರಾಲ್ ಎನ್ನುವ ಎಲ್‌ಡಿಎಲ್ ಅನ್ನು ಊಟದ ಮೂಲಕ ಹೆಚ್ಚಿಸುವುದರಲ್ಲಿ ಇದರದ್ದೇ ದೊಡ್ಡ ಪಾಲು. ದಿನದ ಕ್ಯಾಲೊರಿಯಲ್ಲಿ ಇದು ಶೇ. 10 ಮೀರಬಾರದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. 2,000 ಕ್ಯಾಲೊರಿ ತಿನ್ನುವವರಿಗೆ ಅದು ಸುಮಾರು 22 ಗ್ರಾಂ. ಎಲ್‌ಡಿಎಲ್ ಆಗಲೇ ಜಾಸ್ತಿ ಇರುವವರಿಗೆ ಅಮೆರಿಕನ್ ಹಾರ್ಟ್ ಅಸೋಸಿಯೇಷನ್ ಹೇಳುವ ಮಿತಿ ಶೇ. 6ರೊಳಗೆ, ಅಂದರೆ 13 ಗ್ರಾಂ.

ಈಗ ಹೊರಗಡೆ ಏನೂ ತಿನ್ನದ, ಸಾಧಾರಣ ಸಸ್ಯಾಹಾರಿ ಮನೆಯ ಒಬ್ಬರ ದಿನ ತಗೊಳ್ಳಿ. ಎರಡು ಕಾಫಿ, ಮಧ್ಯಾಹ್ನ ರಾತ್ರಿ ಮೊಸರು ಸೇರಿ ನೀಲಿ ಪ್ಯಾಕೆಟ್ಟಿನ ನಂದಿನಿ ಟೋನ್ಡ್ ಹಾಲು 400 ಎಂಎಲ್: ಕೊಬ್ಬು 12 ಗ್ರಾಂ, ಅದರಲ್ಲಿ ಸ್ಯಾಚುರೇಟೆಡ್ ಏಳೂವರೆ. ಅನ್ನಕ್ಕೆ, ಮುದ್ದೆಗೆ ಎರಡು ಟೀ ಚಮಚ ತುಪ್ಪ: ಸ್ಯಾಚುರೇಟೆಡ್ 6. ಚಟ್ನಿ, ಪಲ್ಯ, ಹುಳಿ ಎಲ್ಲ ಸೇರಿ ತಲೆಗೆ 25 ಗ್ರಾಂ ಕಾಯಿತುರಿ: ಇನ್ನೊಂದು 7. ಅಡುಗೆ ಎಣ್ಣೆ 20 ಗ್ರಾಂ: ಸೂರ್ಯಕಾಂತಿಯಾದರೆ 2, ಕಡಲೆಕಾಯಿ ಎಣ್ಣೆಯಾದರೆ 4ರ ಹತ್ತಿರ. ಒಟ್ಟು 23ರ ಆಸುಪಾಸು. ಒಂದು ತುಂಡು ಬೆಣ್ಣೆಯನ್ನೂ ಮುಟ್ಟದೆ ಮಿತಿ ದಾಟಿತು. ಇದರ ಮೇಲೆ ಒಂದು ಬೆಣ್ಣೆ ಮಸಾಲೆ ದೋಸೆ ಬಂದರೆ, 15 ಗ್ರಾಂ ಬೆಣ್ಣೆಯಿಂದಲೇ ಇನ್ನೊಂದು 8 ಗ್ರಾಂ.

ಈಗ ಇಳಿಸೋಣ. ಹಾಲನ್ನು ಶೇ. 1.5 ಕೊಬ್ಬಿನ ಡಬಲ್ ಟೋನ್ಡ್‌ಗೆ ಬದಲಿಸಿದರೆ 4 ಗ್ರಾಂ ಉಳಿತಾಯ. ತುಪ್ಪ ಒಂದು ಚಮಚಕ್ಕೆ ಇಳಿಸಿದರೆ 3. ಕಾಯಿ ಅರ್ಧ ಮಾಡಿದರೆ ಮೂರೂವರೆಯಿಂದ 4. ಒಟ್ಟು 11 ಗ್ರಾಂ, ದಿನದ ಕ್ಯಾಲೊರಿಯಲ್ಲಿ ಶೇ. 5. ತುಪ್ಪವನ್ನೂ ಕಾಯಿಯನ್ನೂ ಮನೆಯಿಂದ ಹೊರಗೆ ಹಾಕಲಿಲ್ಲ, ಗಮನಿಸಿ.

ಆ ಶೇ. 5ರ ಜಾಗಕ್ಕೆ ಅಗಸೆ, ಸೂರ್ಯಕಾಂತಿ ಎಣ್ಣೆಯಂಥ ಪಾಲಿ ಅನ್‌ಸ್ಯಾಚುರೇಟೆಡ್ ಕೊಬ್ಬು ಬಂದರೆ, ಪ್ರತಿ ಶೇ. 1ಕ್ಕೆ ಎಲ್‌ಡಿಎಲ್ ಸುಮಾರು 2 ಮಿಲಿಗ್ರಾಂ (ರಕ್ತದ ಪ್ರತಿ ಡೆಸಿಲೀಟರಿಗೆ, ರಿಪೋರ್ಟಿನಲ್ಲಿ ಬರುವ ಅಳತೆ) ಇಳಿಯುತ್ತದೆ ಎಂದು ನಿಯಂತ್ರಿತ ಪ್ರಯೋಗಗಳಿಂದ ಗೊತ್ತಾಗಿದೆ. ಅಂದರೆ 10 ಮಿಲಿಗ್ರಾಂ. ಅದೇ ಜಾಗಕ್ಕೆ ಬಿಳಿ ಅನ್ನ, ಬಿಸ್ಕತ್ತು, ಸಕ್ಕರೆ ಬಂದರೆ ಹೃದಯಕ್ಕೆ ಹೆಚ್ಚೇನೂ ದಕ್ಕುವುದಿಲ್ಲ.

ಬಸವನಗುಡಿ_ವಾಚಕ:

ಮೇಡಂ, ಲೆಕ್ಕ ಸರಿ. ಆದರೆ 2017ರಲ್ಲಿ ಲ್ಯಾನ್ಸೆಟ್‌ನಲ್ಲಿ ಬಂದ ಪ್ಯೂರ್ ಅಧ್ಯಯನವನ್ನು ಬಿಟ್ಟು ಮಾತಾಡೋದು ಹೇಗೆ? 18 ದೇಶ, 1,35,000ಕ್ಕೂ ಹೆಚ್ಚು ಜನ. ಕಾರ್ಬೋಹೈಡ್ರೇಟ್ ಜಾಸ್ತಿ ತಿಂದವರಲ್ಲಿ ಸಾವು ಜಾಸ್ತಿ, ಕೊಬ್ಬು ತಿಂದವರಲ್ಲಿ ಕಡಿಮೆ ಅಂತ ಬಂತು. ಸ್ಯಾಚುರೇಟೆಡ್ ಕೊಬ್ಬಿಗೂ ಹೃದಯಾಘಾತಕ್ಕೂ ಸಂಬಂಧ ಕಾಣಲಿಲ್ಲ. ಅದರ ಭಾರತದ ಕೆಲಸ ನಮ್ಮ ಕೋರಮಂಗಲದ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆಯಿಂದಲೇ ನಡೆದದ್ದು. ಹಾಗಿದ್ದ ಮೇಲೆ ತುಪ್ಪ ಯಾಕೆ ಇಳಿಸಬೇಕು?

ಕಾರ್ಡಿಯೋ_ಬನ್ನೇರುಘಟ್ಟ:

ಒಳ್ಳೆಯ ಪ್ರಶ್ನೆ ಸರ್. ಇದನ್ನು ಪಕ್ಕಕ್ಕೆ ತಳ್ಳುವ ಹಾಗಿಲ್ಲ.

ಪ್ಯೂರ್‌ನಲ್ಲಿ ಅತಿ ಹೆಚ್ಚು ಕಾರ್ಬೋಹೈಡ್ರೇಟ್ ತಿನ್ನುತ್ತಿದ್ದ ಗುಂಪಿಗೆ ಕ್ಯಾಲೊರಿಯಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ಅದರಿಂದಲೇ ಬರುತ್ತಿತ್ತು. ಅನ್ನ ಬಿಟ್ಟರೆ ಬೇರೆ ಕೊಳ್ಳಲು ಶಕ್ತಿಯಿಲ್ಲದ ಮನೆಗಳೂ ಅದರಲ್ಲಿ ಸಾಕಷ್ಟಿವೆ. ಅಂಥವರ ಸಾವಿಗೆ ಬಡತನ, ಚಿಕಿತ್ಸೆ ಸಿಗದಿರುವುದು ಎಷ್ಟು ಕಾರಣ, ಅನ್ನ ಎಷ್ಟು ಕಾರಣ ಎಂದು ಬಿಡಿಸುವುದು ಕಷ್ಟ. ಇನ್ನೊಂದು, ಅಲ್ಲಿ ಹೆಚ್ಚಿದ್ದು ಒಟ್ಟು ಸಾವು. ಕಾರ್ಬೋಹೈಡ್ರೇಟಿಗೂ ಹೃದಯಾಘಾತಕ್ಕೂ ನೇರ ಸಂಬಂಧ ಅದರಲ್ಲಿ ಸಿಗಲಿಲ್ಲ.

ಆದರೂ ಅದು ಹೇಳಿದ ಒಂದು ಮಾತು ನಮಗೆ ಚೆನ್ನಾಗಿ ಅನ್ವಯಿಸುತ್ತದೆ. ಕೊಬ್ಬು ಕಡಿಮೆ ಮಾಡಿ ಆ ಜಾಗವನ್ನು ಪಾಲಿಶ್ ಅಕ್ಕಿಯಿಂದ ತುಂಬಿಸಿದರೆ ಲಾಭವಿಲ್ಲ. 2015ರಲ್ಲಿ ಅಮೆರಿಕದ ನರ್ಸ್‌ಗಳು ಮತ್ತು ಆರೋಗ್ಯ ವೃತ್ತಿಯವರನ್ನು ದಶಕಗಳ ಕಾಲ ಗಮನಿಸಿದ ದತ್ತಾಂಶದಿಂದ ಬಂದ ವಿಶ್ಲೇಷಣೆಯೂ ಇದನ್ನೇ ಹೇಳಿತು. ಶೇ. 5 ಕ್ಯಾಲೊರಿಯಷ್ಟು ಸ್ಯಾಚುರೇಟೆಡ್ ಕೊಬ್ಬಿನ ಜಾಗಕ್ಕೆ ಪಾಲಿ ಅನ್‌ಸ್ಯಾಚುರೇಟೆಡ್ ಬಂದಲ್ಲಿ ಹೃದ್ರೋಗದ ಅಪಾಯ ಶೇ. 25 ಕಡಿಮೆ, ಇಡೀ ಧಾನ್ಯ ಬಂದಲ್ಲಿ ಶೇ. 9 ಕಡಿಮೆ. ಮೈದಾ, ಸಕ್ಕರೆ ಬಂದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವೇ ಇಲ್ಲ. ಎರಡು ಅಧ್ಯಯನಗಳೂ ಜಗಳ ಆಡುತ್ತಿಲ್ಲ, ಒಂದೇ ವಿಷಯವನ್ನು ಎರಡು ಕಡೆಯಿಂದ ನೋಡುತ್ತಿವೆ.

ಇವೆಲ್ಲ ಜನರನ್ನು ಗಮನಿಸಿ ಬರೆದವು. ಜನರ ಊಟವನ್ನೇ ಬದಲಿಸಿ ನೋಡಿದ ಪ್ರಯೋಗಗಳನ್ನು ಒಟ್ಟುಗೂಡಿಸಿದ 2020ರ ಕಾಕ್ರೇನ್ ವಿಮರ್ಶೆ ಇದೆ. ಎರಡು ವರ್ಷ ಅಥವಾ ಹೆಚ್ಚು ಕಾಲ ಸ್ಯಾಚುರೇಟೆಡ್ ಕೊಬ್ಬು ಇಳಿಸಿದವರಲ್ಲಿ ಹೃದಯ ಮತ್ತು ರಕ್ತನಾಳದ ಘಟನೆಗಳು ಶೇ. 17 ಕಡಿಮೆಯಾದವು. ಕಾರಣವೂ ಗೊತ್ತಿರುವುದೇ. ಸ್ಯಾಚುರೇಟೆಡ್ ಕೊಬ್ಬು ಹೆಚ್ಚಾದಾಗ ಲಿವರ್ ಜೀವಕೋಶಗಳ ಮೇಲೆ ಎಲ್‌ಡಿಎಲ್ ಹಿಡಿದು ಒಳಗೆಳೆಯುವ ಗ್ರಾಹಕಗಳು ಕಡಿಮೆಯಾಗುತ್ತವೆ. ಎಲ್‌ಡಿಎಲ್ ರಕ್ತದಲ್ಲೇ ಸುತ್ತುತ್ತಿರುತ್ತದೆ, ರಕ್ತನಾಳದ ಗೋಡೆಯೊಳಗೆ ಇಳಿದು ಅಲ್ಲಿ ಕೂರುತ್ತದೆ. ವರ್ಷಗಟ್ಟಲೆ ಹೀಗೇ ಆದರೆ ಬ್ಲಾಕ್.

ನಮ್ಮವರಿಗೆ ಇದು ಯಾಕೆ ತುರ್ತು ಅಂದರೆ, 52 ದೇಶಗಳ ಇಂಟರ್‌ಹಾರ್ಟ್ ಅಧ್ಯಯನದಲ್ಲಿ ದಕ್ಷಿಣ ಏಷ್ಯಾದವರಿಗೆ ಮೊದಲ ಹೃದಯಾಘಾತವಾದ ಸರಾಸರಿ ವಯಸ್ಸು 53. ಬೇರೆ ದೇಶದವರಿಗೆ 59ರ ಹತ್ತಿರ. ನಮ್ಮಲ್ಲಿ ಸಾಮಾನ್ಯವಾಗಿ ಕಾಣುವುದು ಟ್ರೈಗ್ಲಿಸರೈಡ್ ಎಂಬ ರಕ್ತದ ಕೊಬ್ಬು ಜಾಸ್ತಿ, ಒಳ್ಳೆಯ ಕೊಲೆಸ್ಟ್ರಾಲ್ ಎನ್ನುವ ಎಚ್‌ಡಿಎಲ್ ಕಡಿಮೆ. ಅದನ್ನು ತರುವುದು ತುಪ್ಪಕ್ಕಿಂತ ಹೆಚ್ಚಾಗಿ ಅನ್ನ, ಮೈದಾ, ಸಕ್ಕರೆ, ಮದ್ಯ, ಸೊಂಟದ ಸುತ್ತಿನ ಬೊಜ್ಜು. ಹಾಗಾಗಿ ನಾವು ಎರಡು ಕಡೆಯೂ ಕೆಲಸ ಮಾಡಬೇಕು.

ಗಾಣ_ಡಬ್ಬ_ಲೇಬಲ್ (ಆಹಾರ ತಂತ್ರಜ್ಞಾನ):

ಎಣ್ಣೆಯ ವಿಷಯಕ್ಕೆ ಬರೋಣ. ಈಗ ಬಡಾವಣೆಗೊಂದು ಗಾಣದ ಅಂಗಡಿ. ಗಾಣದ ಎಣ್ಣೆಗೆ ಘಮ ಇದೆ, ವಿಟಮಿನ್ ಇ ಸ್ವಲ್ಪ ಹೆಚ್ಚು ಉಳಿದಿರುತ್ತದೆ. ಆದರೆ ಕೊಬ್ಬಿನಾಮ್ಲಗಳ ಹಂಚಿಕೆ ಬದಲಾಗುವುದಿಲ್ಲ. ಗಾಣದ ಕೊಬ್ಬರಿ ಎಣ್ಣೆಯೂ ಶೇ. 85-90 ಸ್ಯಾಚುರೇಟೆಡ್ಡೇ. 2020ರಲ್ಲಿ 16 ಪ್ರಯೋಗಗಳನ್ನು ಸೇರಿಸಿ ನೋಡಿದಾಗ, ಕಡಲೆಕಾಯಿ, ಸೂರ್ಯಕಾಂತಿಯಂಥ ಎಣ್ಣೆಗಳಿಗೆ ಹೋಲಿಸಿದರೆ ಕೊಬ್ಬರಿ ಎಣ್ಣೆ ಎಲ್‌ಡಿಎಲ್ ಅನ್ನು ಸುಮಾರು 10 ಮಿಲಿಗ್ರಾಂ ಏರಿಸಿತ್ತು. ಎಚ್‌ಡಿಎಲ್ ಕೂಡ ಏರುತ್ತದಲ್ಲ ಎನ್ನುವವರಿಗೆ ಒಂದು ಮಾತು: ಔಷಧಿ ಕೊಟ್ಟು ಎಚ್‌ಡಿಎಲ್ ಏರಿಸಿ ನೋಡಿದ ದೊಡ್ಡ ಪ್ರಯೋಗಗಳಲ್ಲಿ, ಬರೀ ಎಚ್‌ಡಿಎಲ್ ಏರಿದ್ದರಿಂದ ಹೃದಯಾಘಾತ ಕಡಿಮೆಯಾಗಲಿಲ್ಲ.

ಕಡಲೆಕಾಯಿ ಎಣ್ಣೆ, ಎಳ್ಳೆಣ್ಣೆ, ಅಕ್ಕಿ ತೌಡಿನ ಎಣ್ಣೆ, ಸೂರ್ಯಕಾಂತಿ, ಇವುಗಳಲ್ಲಿ ಎರಡನ್ನು ತಿಂಗಳು ಬಿಟ್ಟು ತಿಂಗಳು ಬಳಸಿದರೆ ಸಾಕು. ಯಾವುದು ಎನ್ನುವುದಕ್ಕಿಂತ ಎಷ್ಟು ಎನ್ನುವುದು ದೊಡ್ಡ ಪ್ರಶ್ನೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಕೊಟ್ಟ ತಟ್ಟೆಯಲ್ಲಿ, 2,000 ಕ್ಯಾಲೊರಿಗೆ ಎಣ್ಣೆ ತುಪ್ಪ ಸೇರಿ 27 ಗ್ರಾಂ. ನಾಲ್ಕು ಜನಕ್ಕೆ ತಿಂಗಳಿಗೆ ಮೂರೂವರೆ ಲೀಟರ್, ಅದೂ ತುಪ್ಪ, ಬೆಣ್ಣೆ, ಹೊರಗಡೆ ತಿಂದದ್ದು ಎಲ್ಲ ಸೇರಿ. ಹಾಗಾಗಿ ಮನೆಗೆ ತರುವ ಎಣ್ಣೆ ತಲೆಗೆ ಅರ್ಧದಿಂದ ಮುಕ್ಕಾಲು ಲೀಟರ್ ಒಳಗಿರಲಿ. ಕ್ಯಾನ್ ಒಡೆದ ದಿನ ಅದರ ಮೇಲೆ ಮಾರ್ಕರ್‌ನಲ್ಲಿ ತಾರೀಖು ಬರೆದಿಡಿ. ಐದು ಲೀಟರ್ ಕ್ಯಾನ್ ನಾಲ್ಕು ಜನರ ಮನೆಯಲ್ಲಿ 30 ದಿನಕ್ಕೇ ಖಾಲಿಯಾದರೆ ಹೆಚ್ಚಾಗಿದೆ ಅಂತಲೇ ಅರ್ಥ.

ಗಾಣದ್ದು ಕೊಳ್ಳುವವರು ಕಡಲೆಕಾಯಿ ಬೀಜದ ಗುಣಮಟ್ಟ ನೋಡಿ. ಬೂಸ್ಟು ಹಿಡಿದ ಬೀಜದಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಇರಬಹುದು. ರಿಫೈನಿಂಗ್‌ನಲ್ಲಿ ಅದು ಬಹುಮಟ್ಟಿಗೆ ಹೋಗುತ್ತದೆ, ಗಾಣದಲ್ಲಿ ಉಳಿಯುತ್ತದೆ. ಒಮ್ಮೆಗೆ ಒಂದು ಲೀಟರ್ ಸಾಕು, ಬಿಸಿಲು ಬೀಳದ ಕಡೆ ಇಡಿ.

ಒಗ್ಗರಣೆ_ಭಟ್ (ಅಡುಗೆ ಕಾಂಟ್ರಾಕ್ಟ್, ವಿ.ವಿ. ಪುರಂ):

ಎಣ್ಣೆ ಕಡಿಮೆ ಹಾಕಿ ಅಂತ ಎಲ್ಲರೂ ಹೇಳ್ತಾರೆ, ಅಡುಗೆ ಮಾಡೋರಿಗೆ ಎಲ್ಲಿ ತೊಡಕಾಗುತ್ತೆ ಅಂತ ಯಾರೂ ಹೇಳಲ್ಲ. ಅಗಲವಾದ ಬಾಣಲೆಗೆ ಒಂದು ಚಮಚ ಎಣ್ಣೆ ಹಾಕಿದರೆ ಅದು ತೆಳ್ಳಗೆ ಹರಡಿಕೊಳ್ಳುತ್ತೆ. ಸಾಸಿವೆ ಎಣ್ಣೇಲಿ ಮುಳುಗಲ್ಲ, ಸಿಡಿಯಲ್ಲ, ತಳದಲ್ಲೇ ಕರ್ರಗಾಗಿ ಕಹಿಯಾಗುತ್ತೆ. ಆಗ ಕೈ ತಾನಾಗಿ ಇನ್ನೆರಡು ಚಮಚ ಸುರೀತದೆ. ಉಪಾಯ ಇಷ್ಟೆ: ಒಗ್ಗರಣೆ ಸೌಟು ಬೇರೆ ಇಟ್ಕೊಳ್ಳಿ. ಅದರ ಗುಂಡಿಯಲ್ಲಿ ಒಂದೇ ಟೀ ಚಮಚ ಎಣ್ಣೆಯೂ ಆಳವಾಗಿ ನಿಲ್ಲುತ್ತೆ. ಸಾಸಿವೆ ಚೆನ್ನಾಗಿ ಸಿಡಿದ ಮೇಲೆ ಉದ್ದಿನಬೇಳೆ, ಇಂಗು, ಕರಿಬೇವು. ಪಲ್ಯವನ್ನು ಮೊದಲೇ ನೀರು ಚಿಮುಕಿಸಿ ಮುಚ್ಚಳ ಹಾಕಿ ಬೇಯಿಸಿಟ್ಟಿದ್ದರೆ, ಅರ್ಧ ಕೆಜಿ ಹುರುಳಿಕಾಯಿಗೆ ಎರಡು ಚಮಚದಲ್ಲಿ ಒಗ್ಗರಣೆ ಮುಗೀತು. ಕೊನೇಲಿ ಹಾಕಿದ ಒಗ್ಗರಣೆ ಘಮವೂ ಜಾಸ್ತಿ.

ಚಟ್ನಿಗೆ: ನಾಲ್ಕು ಜನಕ್ಕೆ 80 ಗ್ರಾಂ ಕಾಯಿ ಹಾಕೋ ಕಡೆ 40 ಗ್ರಾಂ ಕಾಯಿ, 30 ಗ್ರಾಂ ಹುರಿಗಡಲೆ, 15 ಗ್ರಾಂ ಹುರಿದ ಕಡಲೆಕಾಯಿ ಬೀಜ. ಹುರಿಗಡಲೆ ಇದಕ್ಕಿಂತ ಜಾಸ್ತಿಯಾದರೆ ಹಸಿ ಹಿಟ್ಟಿನ ವಾಸನೆ ಬರುತ್ತೆ, ಅರ್ಧ ಗಂಟೇಲಿ ಗಟ್ಟಿಯಾಗುತ್ತೆ. ಅದಕ್ಕೆ ರುಬ್ಬುವಾಗಲೇ ನೀರು ಸ್ವಲ್ಪ ಮುಂದಾಗಿ ಹಾಕಿ. ಕೊತ್ತಂಬರಿ, ಪುದೀನ, ಶುಂಠಿ, ಹುಣಸೆ ಇದ್ದರೆ ಕಾಯಿ ಕಡಿಮೆಯಾದದ್ದು ಗೊತ್ತೇ ಆಗಲ್ಲ.

ದೋಸೆಗೆ ಹಳೆ ಕಬ್ಬಿಣದ ಕಾವಲಿ ಚೆನ್ನಾಗಿ ಪಳಗಿದ್ದರೆ, ಅರ್ಧ ಈರುಳ್ಳಿಗೆ ಎಣ್ಣೆ ಮುಟ್ಟಿಸಿ ಒರೆಸಿದರೆ ಸಾಕು. ದೋಸೆ ಅಂಟೋದು ಎಣ್ಣೆ ಕಮ್ಮಿ ಅಂತ ಅಲ್ಲ, ಕಾವಲಿ ಅತಿಯಾಗಿ ಕಾದು ಹಿಟ್ಟು ಹುಯ್ದ ಕೂಡಲೇ ಹಿಡ್ಕೊಳ್ಳುತ್ತೆ. ನೀರು ಚಿಮುಕಿಸಿ, ಒರೆಸಿ, ಆಮೇಲೆ ಹುಯ್ಯಿರಿ.

ಕರಿಯೋದು ಹಬ್ಬಕ್ಕೆ ಇರಲಿ. ಕರಿದಾಗ ಎಣ್ಣೆ 175ರಿಂದ 180 ಡಿಗ್ರಿ ಇರಬೇಕು. ಕಾಯದ ಎಣ್ಣೆಗೆ ಒಂದೇ ಸಲ ಬಾಣಲೆ ತುಂಬ ವಡೆ ಬಿಟ್ಟರೆ ಕಾವು ಇಳಿದುಹೋಗಿ ವಡೆ ಎಣ್ಣೆ ಕುಡಿಯುತ್ತೆ.

ಗಾಣ_ಡಬ್ಬ_ಲೇಬಲ್:

ಭಟ್ಟರು ಹೇಳಿದ್ದಕ್ಕೆ ಒಂದು ಸೇರ್ಪಡೆ. ಕರಿದ ಎಣ್ಣೆಗೆ ಮೇಲಿಂದ ಹೊಸ ಎಣ್ಣೆ ಸುರಿದರೆ ಹಳೆಯದು ಸರಿಹೋಗುವುದಿಲ್ಲ. ಎಣ್ಣೆ ಕಾದು ಒಡೆದಾಗ ಹಳೆಯದರಲ್ಲಿ ಹುಟ್ಟಿದ ಪೋಲಾರ್ ಸಂಯುಕ್ತಗಳು ಹೊಸದನ್ನೂ ಬೇಗ ಕೆಡಿಸುತ್ತವೆ. ಹೋಟೆಲುಗಳಿಗೆ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ ಇವಕ್ಕೆ ಹಾಕಿದ ಮಿತಿ ಶೇ. 25, 2018ರ ಜುಲೈನಿಂದ ಜಾರಿಯಲ್ಲಿದೆ. ಮನೆಯಲ್ಲಿ ಅಳೆಯುವ ಮೀಟರ್ ಇರುವುದಿಲ್ಲ. ಬಣ್ಣ ಗಾಢವಾದರೆ, ನೊರೆ ಇಳಿಯದೆ ನಿಂತರೆ, ಮೊದಲಿಗಿಂತ ಬೇಗ ಹೊಗೆ ಬಂದರೆ ಅದರ ಆಯಸ್ಸು ಮುಗಿಯಿತು. ಒಮ್ಮೆ ಕರಿದದ್ದನ್ನು ಸೋಸಿಟ್ಟು ಒಂದೆರಡು ದಿನದೊಳಗೆ ಒಗ್ಗರಣೆಗೆ ಖಾಲಿ ಮಾಡಿ. ಸಿಂಕಿಗೆ ಮಾತ್ರ ಸುರಿಯಬೇಡಿ.

ಬೇಕರಿ ವಿಷಯ: ಎಣ್ಣೆ, ವನಸ್ಪತಿಗಳಲ್ಲಿ ಟ್ರಾನ್ಸ್ ಕೊಬ್ಬಿನ (ಎಣ್ಣೆಯನ್ನು ಗಟ್ಟಿ ಮಾಡುವಾಗ ಹುಟ್ಟುವುದು) ಮಿತಿ 2021ರ ಜನವರಿಯಲ್ಲಿ ಶೇ. 3, 2022ರ ಜನವರಿಯಿಂದ ಶೇ. 2. ದಿನದ ಕ್ಯಾಲೊರಿಯಲ್ಲಿ ಶೇ. 2ರಷ್ಟು ಟ್ರಾನ್ಸ್ ಕೊಬ್ಬು ಸೇರಿದರೆ ಹೃದ್ರೋಗ ಶೇ. 23ರಷ್ಟು ಹೆಚ್ಚು ಎಂದು ಗೊತ್ತಿದ್ದುದರಿಂದ ಇದು ದೊಡ್ಡ ಹೆಜ್ಜೆ. ಆದರೆ ಪಫ್ಸ್ ಪದರ ಪದರವಾಗಿ ಬಿಡಬೇಕಾದರೆ ಗಟ್ಟಿ ಕೊಬ್ಬು ಬೇಕೇ ಬೇಕು. ಡಾಲ್ಡಾದ ಜಾಗಕ್ಕೆ ಈಗ ಹೆಚ್ಚಾಗಿ ತಾಳೆ ಎಣ್ಣೆಯ ಗಟ್ಟಿ ಭಾಗ ಬಂದಿದೆ. ಟ್ರಾನ್ಸ್ ಇಳಿಯಿತು, ಸ್ಯಾಚುರೇಟೆಡ್ ಉಳಿಯಿತು. ಪ್ಯಾಕೆಟ್ ಮೇಲೆ ‘ಟ್ರಾನ್ಸ್ ಫ್ಯಾಟ್ ಫ್ರೀ’ ಎಂದಿದ್ದರೆ ಅಲ್ಲಿಗೇ ನಿಲ್ಲಿಸಬೇಡಿ, ಅದರ ಮೇಲಿನ ಸಾಲು ಓದಿ. 100 ಗ್ರಾಂಗೆ ಸ್ಯಾಚುರೇಟೆಡ್ 5 ಗ್ರಾಂ ದಾಟಿದರೆ ದಿನಾ ತಿನ್ನುವ ತಿಂಡಿ ಅದಲ್ಲ. ಬೆಣ್ಣೆ ಬಿಸ್ಕತ್ತು, ಖಾರಾ, ನಿಪ್ಪಟ್ಟು ಬಹುತೇಕ ಅದನ್ನು ದಾಟಿರುತ್ತವೆ. ಸಂಜೆ ಹೊತ್ತಿಗೆ ಉಪ್ಪಿಲ್ಲದ ಹುರಿದ ಕಡಲೆಕಾಯಿ ಒಂದು ಹಿಡಿ, 30 ಗ್ರಾಂ, ಇವೆಲ್ಲಕ್ಕಿಂತ ಮೇಲು.

ಮಲ್ಲೇಶ್ವರಂ_ಫಿಲ್ಟರ್:

ಕಾಫಿ ಬಗ್ಗೆ ಯಾರೂ ಎತ್ತಲಿಲ್ಲ. ಕಾಫಿಯಲ್ಲಿರುವ ಕೆಫೆಸ್ಟಾಲ್ ಎಲ್‌ಡಿಎಲ್ ಏರಿಸುತ್ತದೆ, ನಮ್ಮ ಸ್ಟೀಲ್ ಫಿಲ್ಟರ್ ಅದನ್ನು ತಡೆಯುತ್ತದಾ?

ಪಥ್ಯ_ಲೆಕ್ಕ:

ಪೂರ್ತಿ ತಡೆಯುವುದಿಲ್ಲ. ಕೆಫೆಸ್ಟಾಲ್ ಕಾಫಿಯ ಎಣ್ಣೆಯಂಶದಲ್ಲಿರುತ್ತದೆ, ಅದನ್ನು ಚೆನ್ನಾಗಿ ಹಿಡಿಯುವುದು ಕಾಗದ. ಪುಡಿ ಹಾಕಿ ಕುದಿಸಿದ ಕಾಫಿಯಲ್ಲಿ ಅದು ಅತಿ ಹೆಚ್ಚು. ದಿನಕ್ಕೆ ಎರಡು ಸಣ್ಣ ಲೋಟ ಕುಡಿಯುವವರು ಚಿಂತೆ ಮಾಡಬೇಕಿಲ್ಲ. ಐದಾರು ಲೋಟ ಕುಡಿಯುವವರು, ಊಟ ಸರಿಮಾಡಿದರೂ ಎಲ್‌ಡಿಎಲ್ ಇಳಿಯದವರು, ಪೇಪರ್ ಫಿಲ್ಟರನ್ನು ವೃತ್ತಾಕಾರಕ್ಕೆ ಕತ್ತರಿಸಿ ಮೇಲಿನ ಡಬ್ಬಿಯ ತಳಕ್ಕೆ ಹಾಸಿ, ಅದರ ಮೇಲೆ ಪುಡಿ ಹಾಕಿ. ಡಿಕಾಕ್ಷನ್ ಇಳಿಯಲು ಸಮಯ ಹೆಚ್ಚು ಬೇಕು, ಹಾಗಾಗಿ ಪುಡಿ ಸ್ವಲ್ಪ ದಪ್ಪ ಇರಲಿ, ಒತ್ತಬೇಡಿ. ಆದರೂ ನನ್ನ ಅಭಿಪ್ರಾಯದಲ್ಲಿ ಕಾಫಿಯ ದೊಡ್ಡ ತೊಂದರೆ ಸಕ್ಕರೆ. ನಾಲ್ಕು ಲೋಟಕ್ಕೆ ಎರಡೆರಡು ಚಮಚ ಅಂದರೆ 40 ಗ್ರಾಂ. ಬೆಲ್ಲ ಹಾಕಿದರೂ ಟ್ರೈಗ್ಲಿಸರೈಡಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ.

ಬಸವನಗುಡಿ_ವಾಚಕ:

ಸರಿ, ಅನ್ನದ ವಿಷಯ. ಅನ್ನ ಬಿಟ್ಟು ಮುದ್ದೆ ತಿಂದರೆ ಸಾಕಲ್ಲ?

ಪಥ್ಯ_ಲೆಕ್ಕ:

ಮುದ್ದೆ ಅನ್ನಕ್ಕಿಂತ ಒಳ್ಳೆಯದು. 100 ಗ್ರಾಂ ರಾಗಿಯಲ್ಲಿ ನಾರು 11 ಗ್ರಾಂ, ಪಾಲಿಶ್ ಅಕ್ಕಿಯಲ್ಲಿ 3 ಗ್ರಾಂ ಕೂಡ ಇಲ್ಲ. ಆದರೆ ರಾಗಿಯೂ ಪಿಷ್ಟವೇ. ನುಣ್ಣಗೆ ಬೀಸಿದ ಹಿಟ್ಟಿನ ದೊಡ್ಡ ಮುದ್ದೆ ಎರಡು ತಿಂದರೆ ಸಕ್ಕರೆ ಏರದೆ ಇರುವುದಿಲ್ಲ. ಜರಡಿ ಹಿಡಿದು ಹೊಟ್ಟು ಚೆಲ್ಲಬೇಡಿ, ಊಟಕ್ಕೆ 80 ಗ್ರಾಂ ಹಿಟ್ಟಿನ ಒಂದು ಮುದ್ದೆ ಸಾಕು. ಅದರ ಜತೆಗೆ ಏನು ಎನ್ನುವುದರಲ್ಲಿ ಎಲ್ಲ ಇದೆ. ಹಳೆ ಮೈಸೂರಿನ ಬಸ್ಸಾರು, ಮಸ್ಸೊಪ್ಪು, ಮೊಳಕೆ ಹುರುಳಿ ಸಾರು ಇದಕ್ಕೆ ಹೇಳಿ ಮಾಡಿಸಿದ ಜೋಡಿ.

ಬೇಳೆಕಾಳಿಗೆ ನೇರ ಸಾಕ್ಷ್ಯವೂ ಇದೆ: ದಿನಕ್ಕೆ ಬೇಯಿಸಿದ ಕಾಳು 130 ಗ್ರಾಂ ತಿಂದರೆ ಎಲ್‌ಡಿಎಲ್ ಸುಮಾರು ಶೇ. 5 ಇಳಿಯುತ್ತದೆ ಎಂದು 26 ಪ್ರಯೋಗಗಳ ಒಟ್ಟು ಫಲ. ಒಣ ಕಾಳು 50 ಗ್ರಾಂ ನೆನೆಸಿ ಬೇಯಿಸಿದರೆ ಅಷ್ಟಾಗುತ್ತದೆ. ಇಲ್ಲಿ ಎಡವುವುದು ತಿಳಿಸಾರಿನಲ್ಲಿ. ನಾಲ್ಕು ಜನರ ತಿಳಿಸಾರಿಗೆ ಒಂದು ಹಿಡಿ ತೊಗರಿಬೇಳೆ ಹಾಕಿದರೆ ತಲೆಗೆ ಹತ್ತು ಗ್ರಾಂ ಬರುವುದೂ ಕಷ್ಟ. ನಾಲ್ಕು ಜನಕ್ಕೆ 200 ಗ್ರಾಂ ಒಣ ಕಾಳು ದಿನಕ್ಕೆ ಎಂದು ಅಳೆದಿಟ್ಟುಕೊಂಡು, ಬೆಳಗ್ಗೆ ಕೋಸಂಬರಿ, ಮಧ್ಯಾಹ್ನ ಗಟ್ಟಿ ಹುಳಿ, ರಾತ್ರಿ ಉಸಲಿ ಹೀಗೆ ಹಂಚಿ.

ಓಟ್ಸ್ ತಿನ್ನುವವರಿಗೆ: ಕೆಲಸ ಮಾಡುವುದು ಅದರ ಬೀಟಾ ಗ್ಲೂಕಾನ್ ಎಂಬ ನಾರು, ದಿನಕ್ಕೆ 3 ಗ್ರಾಂ ಬೇಕು. ಅದಕ್ಕೆ 75 ಗ್ರಾಂ ಓಟ್ಸ್ ಆಗಬೇಕು, ಎರಡು ಚಮಚ ಉದುರಿಸಿದರೆ ಸಾಲದು. ಬಾರ್ಲಿಯಲ್ಲೂ ಅದು ಇದೆ. ಇಸಬ್‌ಗೋಲು ಹೊಟ್ಟು 7ರಿಂದ 10 ಗ್ರಾಂ ತಗೊಂಡರೂ ಅದೇ ಬಗೆಯ ಫಲ, ದೊಡ್ಡ ಲೋಟ ನೀರಿನ ಜತೆ. ನೀರು ಕಡಿಮೆಯಾದರೆ ಗಂಟಲಲ್ಲಿ ಉಬ್ಬಿ ಸಿಕ್ಕಿಕೊಳ್ಳುತ್ತದೆ. ಮಾತ್ರೆಗಳಿಗೂ ಇದಕ್ಕೂ ಎರಡು ಗಂಟೆ ಅಂತರ ಇರಲಿ.

ಕಾರ್ಡಿಯೋ_ಬನ್ನೇರುಘಟ್ಟ:

ಸೊಪ್ಪಿನ ಬಗ್ಗೆ ನಮ್ಮೂರಿನದ್ದೇ ಒಂದು ಅಧ್ಯಯನ ಇದೆ. ದೆಹಲಿ ಮತ್ತು ಬೆಂಗಳೂರಿನ 8 ಆಸ್ಪತ್ರೆಗಳಲ್ಲಿ ಹೃದಯಾಘಾತವಾದ 350 ಜನ ಮತ್ತು ಆಗದ 700 ಜನರ ಊಟವನ್ನು ಹೋಲಿಸಿದ್ದರು, 2004ರಲ್ಲಿ ಪ್ರಕಟವಾಯಿತು. ವಾರಕ್ಕೆ ಮೂರೂವರೆ ಸಲದಷ್ಟು ಸೊಪ್ಪು ತಿನ್ನುತ್ತಿದ್ದವರಲ್ಲಿ, ಅಪರೂಪಕ್ಕೆ ತಿನ್ನುತ್ತಿದ್ದವರಿಗಿಂತ ಅಪಾಯ ಶೇ. 67 ಕಡಿಮೆ ಇತ್ತು. ಜನ ನೆನಪಿನಿಂದ ಹೇಳಿದ್ದನ್ನು ಬರೆದುಕೊಂಡ ಅಧ್ಯಯನವಾದ್ದರಿಂದ ಶೇ. 67 ಎನ್ನುವ ಅಂಕಿಯನ್ನು ಹಾಗೆಯೇ ನಂಬಲಾರೆ. ದಿಕ್ಕು ಮಾತ್ರ ಬೇರೆ ಎಲ್ಲ ಅಧ್ಯಯನಗಳಿಗೆ ಹೊಂದುತ್ತದೆ. ದಂಟು, ಹರಿವೆ, ಮೆಂತ್ಯ, ಸಬ್ಬಸಿಗೆ, ನುಗ್ಗೆ, ಯಾವುದಾದರೂ ಸರಿ. ಹಾಪ್‌ಕಾಮ್ಸ್‌ನಲ್ಲೋ ಬೀದಿ ಗಾಡಿಯಲ್ಲೋ ಒಂದೆರಡು ಕಟ್ಟು, ವಾರಕ್ಕೆ ನಾಲ್ಕು ದಿನ.

ಮಾಂಸ ತಿನ್ನುವವರಿಗೆ ಎರಡೇ ಮಾತು. ಬಂಗಡೆ, ಭೂತಾಯಿಯಂಥ ಎಣ್ಣೆ ಮೀನು ವಾರಕ್ಕೆ ಎರಡು ಸಲ, ಸಾರು ಮಾಡಿ, ಕರಿಯಬೇಡಿ. ಮಟನ್ ಸಾರನ್ನು ರಾತ್ರಿ ಫ್ರಿಜ್ಜಿನಲ್ಲಿಟ್ಟರೆ ಬೆಳಗ್ಗೆ ಮೇಲೆ ಬಿಳಿ ಪದರ ಕಟ್ಟಿರುತ್ತದೆ, ಅದನ್ನು ತೆಗೆದು ಬಿಸಾಡಿ. ಮೊಟ್ಟೆ ದಿನಕ್ಕೊಂದು ಬಹುತೇಕರಿಗೆ ತೊಂದರೆಯಿಲ್ಲ. ಹಳದಿಯಲ್ಲಿ ಕೊಲೆಸ್ಟ್ರಾಲ್ 185 ಮಿಲಿಗ್ರಾಂ ಇದ್ದರೂ ಸ್ಯಾಚುರೇಟೆಡ್ ಕೊಬ್ಬು ಒಂದೂವರೆ ಗ್ರಾಂ ಮಾತ್ರ. ಶುಗರ್ ಇರುವವರು, ವಂಶದಲ್ಲೇ ಕೊಲೆಸ್ಟ್ರಾಲ್ ಇರುವವರು ಹಳದಿ ಕಡಿಮೆ ಮಾಡಿ.

ಉಪ್ಪುಸಾರು_ಕೆಂಗೇರಿ (ಪೋಷಣಾ ತಜ್ಞೆ):

ಕೊಲೆಸ್ಟ್ರಾಲ್ ಬಗ್ಗೆ ಇಷ್ಟು ಮಾತಾಡಿ ಉಪ್ಪನ್ನು ಮರೆಯಬಾರದು. ಉಪ್ಪು ಹೆಚ್ಚಾದರೆ ಏರುವ ಬಿಪಿ ಹೃದಯಕ್ಕೂ ಮಿದುಳಿಗೂ ಒಂದೇ ಸಮ ಕೆಡುಕು. ಮಿತಿ ದಿನಕ್ಕೆ 5 ಗ್ರಾಂ, ತಲೆ ತಟ್ಟಿದ ಒಂದು ಟೀ ಚಮಚದೊಳಗೆ. ಮನೆಯಲ್ಲಿ ಎಷ್ಟಾಗುತ್ತಿದೆ ಅಂತ ತಿಳಿಯಲು ಒಂದು ಕೆಜಿ ಪ್ಯಾಕೆಟ್ ಒಡೆದ ತಾರೀಖು ಬರೆದಿಡಿ. ನಾಲ್ಕು ಜನಕ್ಕೆ ತಿಂಗಳಿಗೆ 600 ಗ್ರಾಂ ಆಗಬೇಕು, ಅಂದರೆ ಪ್ಯಾಕೆಟ್ 50 ದಿನ ಬರಬೇಕು. ತಿಂಗಳಿಗೇ ಮುಗಿದರೆ ತಲೆಗೆ 8 ಗ್ರಾಂ ದಾಟಿತು. ಹೊರಗಿನ ತಿಂಡಿ, ಅಂಗಡಿಯ ಉಪ್ಪಿನಕಾಯಿ ಇದರಲ್ಲಿ ಇನ್ನೂ ಸೇರಿಲ್ಲ.

ಹೆಚ್ಚಾಗಿ ಎಲ್ಲಿಂದ ಬರುತ್ತದೆ: ಉಪ್ಪಿನಕಾಯಿ, ಹಪ್ಪಳ, ಬಾಳಕದ ಮೆಣಸಿನಕಾಯಿ, ಚಟ್ನಿಪುಡಿ, ಮಜ್ಜಿಗೆಗೆ ಹಾಕುವ ಚಿಟಿಕೆ. ಅಡುಗೆ ಸೋಡಾವನ್ನು ಯಾರೂ ಲೆಕ್ಕಕ್ಕೇ ಹಿಡಿಯುವುದಿಲ್ಲ, ಆದರೆ ಒಂದು ಟೀ ಚಮಚ ಸೋಡಾದಲ್ಲಿ 1,260 ಮಿಲಿಗ್ರಾಂ ಸೋಡಿಯಂ ಇದೆ. ಅದು 3 ಗ್ರಾಂ ಉಪ್ಪಿಗೆ ಸಮ. ಹಿಟ್ಟು ಸರಿಯಾಗಿ ಹುದುಗಿದ್ದರೆ ಇಡ್ಲಿಗೆ ಸೋಡಾ ಬೇಡ. ಡಿಸೆಂಬರ್, ಜನವರಿಯ ಬೆಂಗಳೂರಿನ ಚಳಿಗೆ ಹುದುಗು ತಡವಾಗುತ್ತದೆ ಅಂತ ಸೋಡಾ ಹಾಕುವವರು, ಪಾತ್ರೆಯನ್ನು ಬಿಸಿನೀರಿನ ಅಗಲ ಪಾತ್ರೆಯೊಳಗೆ ಇಟ್ಟು ಮುಚ್ಚಿ. ಸೈಂಧವ ಲವಣವೂ ಬಹುಪಾಲು ಸೋಡಿಯಂ ಕ್ಲೋರೈಡೇ, ಬಿಪಿಗೆ ಅದರಿಂದ ಅನುಕೂಲವಿಲ್ಲ.

ಒಮ್ಮೆಲೇ ಅರ್ಧ ಮಾಡಿದರೆ ಮನೆಯವರು ತಟ್ಟೆಗೇ ಉಪ್ಪು ಹಾಕಿಕೊಳ್ಳುತ್ತಾರೆ. ಎರಡು ವಾರಕ್ಕೊಮ್ಮೆ ಹತ್ತನೇ ಒಂದು ಪಾಲು ಇಳಿಸುತ್ತ ಹೋಗಿ, ನಾಲಿಗೆ ಒಗ್ಗಿಕೊಳ್ಳುತ್ತದೆ. ನಿಂಬೆ, ಹುಣಸೆ, ಮೆಣಸು ಸ್ವಲ್ಪ ಮುಂದಿರಲಿ.

ಪೊಟ್ಯಾಸಿಯಂ ಬೆರೆತ ಲೋ ಸೋಡಿಯಂ ಉಪ್ಪಿಗೆ ಗಟ್ಟಿ ಪುರಾವೆ ಇದೆ. ಚೀನಾದ 600 ಹಳ್ಳಿಗಳಲ್ಲಿ ಸುಮಾರು 21,000 ಜನರ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಕಾಲು ಭಾಗ ಪೊಟ್ಯಾಸಿಯಂ ಕ್ಲೋರೈಡ್ ಇರುವ ಉಪ್ಪು ಬಳಸಿದವರಲ್ಲಿ ಪಾರ್ಶ್ವವಾಯು ಶೇ. 14 ಕಡಿಮೆಯಾಯಿತು. ಆದರೆ ಕಿಡ್ನಿ ತೊಂದರೆ ಇರುವವರು, ಟೆಲ್ಮಿಸಾರ್ಟಾನ್, ರಾಮಿಪ್ರಿಲ್, ಸ್ಪೈರೊನೊಲ್ಯಾಕ್ಟೋನ್ ಎಂಬ ಬಿಪಿ, ಹೃದಯದ ಮಾತ್ರೆಗಳನ್ನು ತಗೊಳ್ಳುವವರು ವೈದ್ಯರನ್ನು ಕೇಳದೆ ಇದನ್ನು ಮುಟ್ಟಬಾರದು. ರಕ್ತದಲ್ಲಿ ಪೊಟ್ಯಾಸಿಯಂ ಏರಿದರೆ ಹೃದಯದ ಬಡಿತವೇ ತಪ್ಪುತ್ತದೆ. ಮನೆಯಲ್ಲಿ ಅಂಥವರು ಒಬ್ಬರಿದ್ದರೂ ಎಲ್ಲರಿಗೂ ಒಂದೇ ಪಾತ್ರೆಯ ಸಾರು ಎನ್ನುವುದು ನೆನಪಿರಲಿ.

ಲ್ಯಾಬ್_ರಿಪೋರ್ಟ್ (ರಾಜಾಜಿನಗರ):

ಊಟ ಬದಲಿಸಿದವರು ಹದಿನೈದೇ ದಿನಕ್ಕೆ ಪರೀಕ್ಷೆಗೆ ಬರುತ್ತಾರೆ. ಆರರಿಂದ ಹನ್ನೆರಡು ವಾರ ಬಿಡಿ. ಅದೇ ಲ್ಯಾಬ್, ಜ್ವರ ಅಥವಾ ಸೋಂಕು ವಾಸಿಯಾಗಿ ಕೆಲವು ವಾರ ಕಳೆದಿರಲಿ, ಹಿಂದಿನ ರಾತ್ರಿ ಮದ್ಯ ಬೇಡ. ಟ್ರೈಗ್ಲಿಸರೈಡ್ ನೋಡಬೇಕಿದ್ದರೆ 10ರಿಂದ 12 ಗಂಟೆ ಉಪವಾಸ. ಒಬ್ಬರಲ್ಲೇ ದಿನದಿಂದ ದಿನಕ್ಕೆ ಶೇ. 5-10 ಏರಿಳಿತ ಸಹಜ, 128 ಇದ್ದದ್ದು 122 ಆದರೆ ಅದನ್ನು ಊಟದ ಫಲ ಅಂತ ಕರೆಯಲಾಗದು.

ಬಹಳ ರಿಪೋರ್ಟುಗಳಲ್ಲಿ ಎಲ್‌ಡಿಎಲ್ ಅಳೆದದ್ದಲ್ಲ, ಲೆಕ್ಕ ಹಾಕಿದ್ದು: ಒಟ್ಟು ಕೊಲೆಸ್ಟ್ರಾಲಿನಿಂದ ಎಚ್‌ಡಿಎಲ್ ಕಳೆದು, ಟ್ರೈಗ್ಲಿಸರೈಡಿನ ಐದನೇ ಒಂದು ಪಾಲನ್ನೂ ಕಳೆಯುವುದು. ಟ್ರೈಗ್ಲಿಸರೈಡ್ 400 ದಾಟಿದರೆ ಈ ಸೂತ್ರ ನಡೆಯುವುದಿಲ್ಲ. ನಮ್ಮವರಲ್ಲಿ ಟ್ರೈಗ್ಲಿಸರೈಡ್ ಹೆಚ್ಚಿರುವುದರಿಂದ ನಾನ್ ಎಚ್‌ಡಿಎಲ್ ನೋಡುವುದು ಒಳ್ಳೆಯದು. ಒಟ್ಟಿನಿಂದ ಎಚ್‌ಡಿಎಲ್ ಕಳೆದರೆ ಅದು ಬಂತು. ಎಲ್‌ಡಿಎಲ್ ಗುರಿ 100 ಆದರೆ ಇದರ ಗುರಿ 130.

ಲಿಪೊಪ್ರೋಟೀನ್ (ಎ) ಎಂಬ, ಎಲ್‌ಡಿಎಲ್‌ನಂಥ ಕೊಲೆಸ್ಟ್ರಾಲ್ ಕಣದ ಪರೀಕ್ಷೆಯನ್ನು ಬದುಕಿನಲ್ಲಿ ಒಮ್ಮೆ ಮಾಡಿಸಿ. ಅದು ವಂಶದಿಂದ ಬರುವುದು, ಊಟದಿಂದ ಹೆಚ್ಚುಕಡಿಮೆ ಬದಲಾಗುವುದಿಲ್ಲ. 50 ಮಿಲಿಗ್ರಾಂ ದಾಟಿದ್ದರೆ, ಬೇರೆಲ್ಲ ಅಪಾಯಗಳನ್ನು ಇನ್ನಷ್ಟು ಬಿಗಿಯಾಗಿ ಹಿಡಿಯಬೇಕು.

ಬಸವನಗುಡಿ_ವಾಚಕ:

ಇದನ್ನೆಲ್ಲ ಸರಿಯಾಗಿ ಮಾಡಿದರೆ ಮಾತ್ರೆ ಬಿಡಬಹುದಾ? ಊಟ ಒಟ್ಟು ಎಷ್ಟು ಇಳಿಸುತ್ತೆ?

ಕಾರ್ಡಿಯೋ_ಬನ್ನೇರುಘಟ್ಟ:

ಸರ್, ಬೀಜಗಳು, ನಾರು, ಸೋಯಾ ಮತ್ತು ಸಸ್ಯ ಸ್ಟೆರಾಲ್ ಎಲ್ಲ ಸೇರಿಸಿದ ಊಟದ ಕ್ರಮವನ್ನು ಕೆನಡಾದಲ್ಲಿ ಪರೀಕ್ಷಿಸಿದ್ದರು. ಎಲ್ಲ ಊಟವನ್ನೂ ಅವರೇ ಕೊಟ್ಟಾಗ ಎಲ್‌ಡಿಎಲ್ ಶೇ. 28ರಷ್ಟು ಇಳಿಯಿತು. ಜನ ತಮ್ಮ ಮನೆಯಲ್ಲಿ ತಾವೇ ಮಾಡಿಕೊಂಡಾಗ ಶೇ. 13. ಹಾಗಾಗಿ ಎಲ್‌ಡಿಎಲ್ 140 ಇರುವವರು 120ರ ಆಸುಪಾಸಿಗೆ ತರಬಹುದು. ಎಲ್‌ಡಿಎಲ್ 190 ಅಥವಾ ಮೇಲಿದ್ದರೆ, ಸ್ಟೆಂಟ್ ಹಾಕಿದ್ದರೆ, ಒಮ್ಮೆ ಹೃದಯಾಘಾತ ಆಗಿದ್ದರೆ ಊಟ ಮಾತ್ರೆಯ ಜತೆಗೆ ಇರಬೇಕು. ಅದರ ಬದಲಿಗೆ ಅಲ್ಲ. ಎಲ್‌ಡಿಎಲ್ ಸುಮಾರು 39 ಮಿಲಿಗ್ರಾಂ ಇಳಿದರೆ ದೊಡ್ಡ ಅವಘಡಗಳು ಶೇ. 22 ಕಡಿಮೆಯಾಗುತ್ತವೆ ಎನ್ನುವುದು ಸ್ಟ್ಯಾಟಿನ್ ಎಂಬ ಕೊಲೆಸ್ಟ್ರಾಲ್ ಇಳಿಸುವ ಮಾತ್ರೆಗಳ ಪ್ರಯೋಗಗಳ ಲೆಕ್ಕ. ಮಾತ್ರೆ ತಾನೇ ಬಿಟ್ಟುಕೊಂಡವರು ಈ ರಕ್ಷಣೆಯನ್ನು ಕೈಯಾರೆ ಕಳೆದುಕೊಳ್ಳುತ್ತಾರೆ.

ಟ್ರೈಗ್ಲಿಸರೈಡ್ 500 ದಾಟಿದವರದ್ದು ಬೇರೆ ದಾರಿ. ಮೇದೋಜೀರಕ ಗ್ರಂಥಿಯ ಉರಿಯೂತದ ಅಪಾಯ ಇರುತ್ತದೆ. ಮದ್ಯ ಪೂರ್ತಿ ಬಂದ್, ಸಕ್ಕರೆ ಬಂದ್, ಕೊಬ್ಬೂ ಕಡಿಮೆ, ತಕ್ಷಣ ವೈದ್ಯರ ಬಳಿ.

ಮಲ್ಲೇಶ್ವರಂ_ಫಿಲ್ಟರ್:

ಹೃದಯಕ್ಕೆ ಕೃತಕ ಕವಾಟ ಹಾಕಿಸಿಕೊಂಡು, ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ತಗೊಳ್ಳುವವರು ಸೊಪ್ಪು ಮುಟ್ಟಬಾರದು ಅಂತಾರಲ್ಲ ಡಾಕ್ಟ್ರೇ, ನಿಜವಾ?

ಕಾರ್ಡಿಯೋ_ಬನ್ನೇರುಘಟ್ಟ:

ಮುಟ್ಟಬಾರದು ಅಂತಿಲ್ಲ. ಸೊಪ್ಪಿನ ವಿಟಮಿನ್ ಕೆ ವಾರ್ಫರಿನ್‌ಗೆ ಎದುರಾಗಿ ಕೆಲಸ ಮಾಡುತ್ತದೆ, ಆದ್ದರಿಂದ ಪ್ರಮಾಣ ಏರುಪೇರಾಗಬಾರದು. ವಾರಕ್ಕೆ ಮೂರು ದಿನ ತಿನ್ನುತ್ತಿದ್ದರೆ ಪ್ರತಿ ವಾರವೂ ಮೂರು ದಿನವೇ ಇರಲಿ, ಹೆಚ್ಚುಕಡಿಮೆ ಅಷ್ಟೇ ಕಟ್ಟು. ಈ ಚರ್ಚೆ ಓದಿ ಒಮ್ಮೆಲೇ ದಿನಾ ಸೊಪ್ಪು ಶುರು ಮಾಡಿದರೆ ಐಎನ್‌ಆರ್ (ರಕ್ತ ಹೆಪ್ಪುಗಟ್ಟಲು ಹಿಡಿಯುವ ಸಮಯದ ಅಳತೆ) ಇಳಿದು ಕವಾಟದ ಮೇಲೆ ರಕ್ತ ಹೆಪ್ಪುಗಟ್ಟಬಹುದು. ಪೂರ್ತಿ ಬಿಟ್ಟರೆ ಐಎನ್‌ಆರ್ ಏರಿ ರಕ್ತಸ್ರಾವ ಆಗಬಹುದು. ಪ್ರಮಾಣ ಬದಲಿಸಬೇಕೆಂದಿದ್ದರೆ ಮೊದಲು ನಿಮ್ಮ ವೈದ್ಯರಿಗೆ ತಿಳಿಸಿ, ಬದಲಿಸಿದ ವಾರದೊಳಗೆ ಐಎನ್‌ಆರ್ ಮಾಡಿಸಿ, ಡೋಸ್ ಅನ್ನು ಅವರೇ ಹೊಂದಿಸುತ್ತಾರೆ.